ರೊಟ್ಟಿ ಒಲೆಯ ಮೇಲೆ ಕೇಕ್ ಡಬ್ಬಿ

ಸಾವಂತ್ರಿ ನನ್ನ ಒಳಮೈಗೆ ಎಣ್ಣೆ ಸವರುತ್ತಿದ್ದಳು. ಅಂಚಿನ ಸಂದಿಗೂ ಬೆರಳು ಹೋಯಿತು. ಆಮೇಲೆ ಚಿಟಿಕೆ ಮೈದಾ ಉದುರಿಸಿ, ನನ್ನನ್ನು ಓರೆ ಹಿಡಿದು ಸುತ್ತಲೂ ಆಡಿಸಿ, ಬೆನ್ನಿಗೆ ಮೆಲ್ಲಗೆ ತಟ್ಟಿದಳು.

ನಾನು ಒಂದು ಸಣ್ಣ ಕೇಕ್ ಡಬ್ಬಿ. ಮೊದಲು ಎಣ್ಣೆ ಡಬ್ಬದ ಒಂದು ಬದಿಯಾಗಿದ್ದೆ. ಬೆಟಗೇರಿಯ ತಗಡಿನ ಅಂಗಡಿಯಲ್ಲಿ ರಾಜೇಸಾಬರು ನನ್ನನ್ನು ಕತ್ತರಿಸಿ, ದುಂಡಗೆ ಸುತ್ತಿ, ಅಂಚು ಮಡಿಸಿ ಬಡಿದರು. ಬೆಂಕಿಗೆ ಬಿಟ್ಟುಹೋಗುತ್ತದೆ ಎಂದು ಬೆಸುಗೆ ಹಾಕಲಿಲ್ಲ. ಮಾಡಿಸಿಕೊಂಡವರು ಗದಗಿನ ಎಸ್ತರ್ ಟೀಚರು. ಅವರ ಮನೆಯ ಓವನ್ನಿನಲ್ಲಿ ಒಂಬತ್ತು ಕ್ರಿಸ್‌ಮಸ್ ಕಂಡೆ. ವರ್ಗವಾಗಿ ಹೊರಟಾಗ, ಪಾತ್ರೆ ತೊಳೆಯಲು ಬರುತ್ತಿದ್ದ ಸಾವಂತ್ರಿಯ ಕೈಗೆ ನನ್ನನ್ನು ಕೊಟ್ಟರು. "ಎರಡು ತತ್ತಿ ಕೇಕಿಗೆ ಸರಿಯಾಗ್ತದ, ಇಟ್ಕೋ," ಅಂದರು.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿ ಅವಳು. ಮಾತು ಕಡಿಮೆ, ನೋಡುವುದು ಜಾಸ್ತಿ. ತಾಯಿ ದುರಗವ್ವ ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದಳು. ಸಾವಂತ್ರಿಗೆ ಮಾತ್ರ ಬೇಕರಿ ಸೇರುವ ಆಸೆ. ಎಷ್ಟೋ ದಿನ ಬಾಗಿಲ ತನಕ ಹೋಗಿ ತಿರುಗಿ ಬಂದವಳು ಕೊನೆಗೊಮ್ಮೆ ಕೇಳಿಯೇ ಬಿಟ್ಟಳು. ಬೇಕರಿಯ ಮೌಲಾಸಾಬರು ಹೇಳಿದರು: "ಅಂಚು ಕರ್ರಗಾಗಬಾರ್ದು, ನಡಕ ಹಸಿ ಇರಬಾರ್ದು. ಅಂಥಾದೊಂದು ಕೇಕ್ ಸೋಮವಾರದೊಳಗ ತಂದ್ ತೋರ್ಸವ್ವಾ. ಇಲ್ಲಂದ್ರ ಬ್ಯಾರೆ ಹುಡುಗಿ ಕಾಯಾಕತ್ತಾಳ."

ಮನೆಯಲ್ಲಿ ಓವನ್ ಎಲ್ಲಿಯದು? ದೊಡ್ಡ ಪಾತೇಲಿಯಲ್ಲಿ ಮರಳು ಹಾಸಿ, ಮೇಲೆ ಸಿಂಬಿಯಂಥ ಕಬ್ಬಿಣದ ಬಳೆ ಇಟ್ಟು, ಅದರ ಮೇಲೆ ನನ್ನನ್ನು ಕೂರಿಸಿ ಮುಚ್ಚಿದಳು. ನನ್ನ ತೆಳು ಮೈ ಬೇಗ ಕಾಯಿತು. ಅಂಚು ಕೆಂಪಗಾದರೂ ನಡುವೆ ಹಿಟ್ಟು ಇನ್ನೂ ತುಳುಕುತ್ತಿತ್ತು. ಅಷ್ಟರಲ್ಲಿ ನಳಕ್ಕೆ ನೀರು ಬಂತೆಂದು ಅವಳು ಕೊಡ ಹಿಡಿದು ಓಡಿದಳು.

ದುರಗವ್ವ ಮುಚ್ಚಳ ತೆಗೆದು ಇಣುಕಿದಳು. "ಅಯ್ಯ, ಒಂದ್ ಮಗ್ಗಲಾ ಬೆಂದೈತಿ. ಇನ್ನೊಂದ್ ಮಗ್ಗಲಾ ಯಾರ್ ಬೇಯಸ್ಬೇಕು, ಇವರಪ್ಪ?" ಎಂದು ಬಟ್ಟೆಯಿಂದ ನನ್ನನ್ನು ಹಿಡಿದು, ಪಕ್ಕದ ಕಾದ ಹಂಚಿನ ಮೇಲೆ ದಬಕ್ಕನೆ ಮಗುಚಿದಳು. ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಚುಂಯ್ ಎನ್ನುತ್ತ ಹರಡಿಕೊಂಡಿತು.

ಕೊಡ ಇಳಿಸಿದ ಸಾವಂತ್ರಿ ಬಾಗಿಲಲ್ಲೇ ನಿಂತಳು.

"ಹಂಗ್ಯಾಕ ನೋಡ್ತಿ? ನಾ ಹುಟ್ಟಿದಾಗಿಂದ ತಿರುವಿ ಹಾಕಲಾರ್ದ ಏನೂ ಬೇಯಿಸಿಲ್ಲವಾ," ಎಂದ ದುರಗವ್ವ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. "ರುಚಿ ಐತಿ. ಮಾರಿ ಒಂದು ನೋಡಬಾರ್ದು."

ಸಾವಂತ್ರಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮರುದಿನ ಭಾನುವಾರ ಬೆಳಗ್ಗೆಯೆಲ್ಲ ತಾಯಿ ರೊಟ್ಟಿ ಬೇಯಿಸುವುದನ್ನೇ ನೋಡುತ್ತ ಕೂತಳು. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ದುರಗವ್ವ ಒದ್ದೆ ಅರಿವೆ ಆಡಿಸುತ್ತಿದ್ದಳು. ನೀರು ತಾಗಿದ ಕಡೆ ರೊಟ್ಟಿ ಬಿರಿಯುತ್ತಿರಲಿಲ್ಲ, ಅವಸರದಿಂದ ಒಣಗುತ್ತಲೂ ಇರಲಿಲ್ಲ.

"ಯವ್ವಾ, ಆ ಅರಿವಿ ಕೊಡ."

"ತಗೋ. ಅದಕ್ಕೂ ತತ್ತಿ ಹಚ್ಚಬ್ಯಾಡ ಮತ್ತ."

ಅರಿವೆಯನ್ನು ತೊಳೆದು, ಹಿಂಡಿ, ಉದ್ದಕ್ಕೆ ಮಡಚಿ ನನ್ನ ಸೊಂಟಕ್ಕೆ ಸುತ್ತಿ ಕಟ್ಟಿದಳು. ಹೊಸ ಹಿಟ್ಟು ಹುಯ್ದು ಪಾತೇಲಿಯಲ್ಲಿಟ್ಟು ಉರಿ ಸಣ್ಣಗೆ ಮಾಡಿದಳು. ಅಷ್ಟು ಬಿಸಿಯಲ್ಲೂ ನನ್ನ ಪಕ್ಕೆ ತಂಪಾಗಿತ್ತು. ಅಂಚು ಅವಸರ ಮಾಡಲಿಲ್ಲ, ನಡು ಬೇಯುವ ತನಕ ತಾಳಿತು. ಹಿಟ್ಟು ಎಲ್ಲ ಕಡೆ ಒಂದೇ ಸಮ ಮೇಲೆದ್ದಿತು. ನಡುವೆ ಚುಚ್ಚಿದ ಕಡ್ಡಿ ಹಿಟ್ಟು ಅಂಟಿಸಿಕೊಳ್ಳದೆ ಹೊರಬಂತು. ದುರಗವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ಪುಣ್ಯಕ್ಕೆ.

ಸೋಮವಾರ ಮೌಲಾಸಾಬರು ಕೇಕನ್ನು ಅರ್ಧಕ್ಕೆ ಕೊಯ್ದರು. ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣ. ನಡುವೆ ಬೆರಳಿಂದ ಒತ್ತಿದರೆ ಮತ್ತೆ ಉಬ್ಬಿತು.

"ಯಾರ್ ಕಲಿಸಿದ್ರವ್ವಾ?"

"ನಮ್ಮವ್ವನ ರೊಟ್ಟಿ," ಅಂದಳು ಸಾವಂತ್ರಿ, ನೆಲ ನೋಡುತ್ತ.

"ನಾಳಿಂದ ಬಾ."

ಈಗ ಅವಳು ಬೇಕರಿಯಲ್ಲಿ ದೊಡ್ಡ ಟ್ರೇ ಹಿಡಿಯುತ್ತಾಳೆ. ನನ್ನ ಅಂಚಿಗೆ ತುಕ್ಕು ಬಂದಿದೆ, ಗೂಡಿನಲ್ಲಿ ಕೂತಿದ್ದೇನೆ. ಬೇಸರವೇನಿಲ್ಲ. ಹಿಡಿದ ಕೈ ಒಳ್ಳೆಯದಾದರೆ ಎಣ್ಣೆ ಡಬ್ಬದ ತಗಡೂ ಬಾಳಿ ಬದುಕುತ್ತದೆ.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ದುರಗವ್ವ ನನ್ನನ್ನು ಇಳಿಸಿಕೊಂಡಳು. ಮಗಳು ಬರುವಷ್ಟರಲ್ಲಿ ತಾನೇ ಒಂದು ಕೇಕ್ ಮಾಡಿ ತೋರಿಸಬೇಕಂತೆ. ಹಿಟ್ಟು ಹುಯ್ದು ಮುಚ್ಚಿಟ್ಟು ಎದುರಿಗೆ ಕೂತಳು. ಕೂತವಳು ಎದ್ದಳು, ಎದ್ದವಳು ಕೂತಳು. ಒಳಗೆ ಇನ್ನೂ ಹತ್ತು ನಿಮಿಷದ ಕೆಲಸವಿತ್ತು. ಕೊನೆಗೆ ಮುಚ್ಚಳ ತೆಗೆಯದೆಯೇ ಪಾತೇಲಿಯ ಹತ್ತಿರ ಬಗ್ಗಿ ನನಗೆ ಮೆಲ್ಲಗೆ ಅಂದಳು:

"ನಡಕ ಬೆಂದೈತೋ ಇಲ್ಲೋ, ನೀನರ ಒಂದ್ ಮಾತ್ ಹೇಳ."