ಅಮಾವಾಸ್ಯೆಯ ಕಾಯಿನೀರು

ಲಿಂಗಾಯತರ ಮನೆಯಲ್ಲಿ ಮೀನು ಸುಟ್ಟ ವಾಸನೆ ಬಂದರೆ ಏನಾಗಬೇಕೋ ಅದೇ ಆಯಿತು. ಸಾವಿತ್ರೆವ್ವ ಮೂಗಿಗೆ ಸೆರಗು ಹಿಡಿದುಕೊಂಡು ಅಡುಗೆಮನೆಯಿಂದ ಓಡಿ ಬಂದು ಹಿಂದಿನ ಕೋಣೆಯ ಬಾಗಿಲು ದೂಡಿದಳು.

"ಏನ ಸುಡಾಕತ್ತೀಯೇ ನನ್ನವ್ವ? ಓಣಿ ಮಂದಿ ಏನಂದಾರು!"

"ಮೀನಲ್ರಿ ಅತ್ತಿ, ಕೆಪ್ಯಾಸಿಟರ್," ಎಂದಳು ಸೊಸೆ ಮಹೇಶ್ವರಿ, ಬಿಚ್ಚಿಟ್ಟ ಕಂಪ್ಯೂಟರಿನ ಬೋರ್ಡಿನಿಂದ ತಲೆ ಎತ್ತದೆ. "ಹಳೇದಾಗಿ ಒಳಗಿನ ರಸ ಸೋರೈತಿ. ಕಾಸಿದ್ರ ಹಿಂಗ ನಾರತೈತಿ."

"ಹಂಗಾರ ಅದು ಸತ್ತೈತಿ ಬಿಡು. ಜೀವ ಇದ್ದದ್ದು ನಾರತೈತೇನ?"

"ಬಾಗಲಾ ಹಾಕ್ರಿ, ಮಾವಾರು ಬೈತಾರ."

ಬಾಗಿಲು ತೆರೆದರೆ ಮಗ್ಗಗಳ ಕಡೆಯಿಂದ ನೂಲಿನ ಧೂಳು ಬರುತ್ತದೆಂದು ಮಾವ ಅಂದಪ್ಪನ ಅಪ್ಪಣೆ. ಫ್ಯಾನ್ ಹಾಕಿದರೆ ಸೋಲ್ಡರ್ ಬೆಸುಗೆ ಕೂರುವುದಿಲ್ಲ, ಅದು ಅವಳದೇ ಹಟ. ಇಳಕಲ್ಲಿನ ಬಿಸಿಲಿಗೆ ಕೇಳಬೇಕೇ? ತಗಡಿನ ಮಾಳಿಗೆ ಕೆಳಗೆ ಬೆವರು ಸುರಿಸುತ್ತ ಅವಳು ಬೆಳಗಿನಿಂದ ಕೂತಿದ್ದಳು. ಗೋಡೆಯಾಚೆ ಮಗ್ಗಗಳು ಖಟ್ ಖಟ್ ಎಂದು ಬಡಿದುಕೊಳ್ಳುತ್ತಲೇ ಇದ್ದವು.

ಕಂಪ್ಯೂಟರ್ ಅಂದರೇನೆಂದು ಊರಿಗೆ ಊರೇ ಬಾಯಿ ಬಿಟ್ಟು ನೋಡುತ್ತಿದ್ದ ಕಾಲದಲ್ಲಿ ಅಂದಪ್ಪ ತಂದ ಪೆಟ್ಟಿಗೆ ಅದು. ಸೀರೆಯ ಅಂಚಿನ ನಕ್ಷೆಯನ್ನು ಮಗ್ಗ ಓದಿಕೊಳ್ಳುವಂತೆ ರಟ್ಟಿಗೆ ತೂತು ಹೊಡೆಯುವ ಯಂತ್ರವನ್ನು ಅದೇ ಓಡಿಸುತ್ತಿತ್ತು. ಈಗ ಎಲ್ಲರೂ ಹೊಸದು ಕೊಂಡಿದ್ದಾರೆ. ಹುನಗುಂದದಲ್ಲಿ ಬೆಳಿಗ್ಗೆ ಪೆನ್‌ಡ್ರೈವ್ ಕೊಟ್ಟರೆ ಸಂಜೆಗೆ ರಟ್ಟು ಕೈಗೆ ಬರುತ್ತದೆ. ನಕ್ಷೆಗಳನ್ನೆಲ್ಲ ಮಹೇಶ್ವರಿ ಎಂದೋ ಪೆನ್‌ಡ್ರೈವಿಗೆ ಇಳಿಸಿ ಕಪಾಟಿನಲ್ಲಿ ಇಟ್ಟೂ ಆಗಿತ್ತು. ಆದರೆ ಅಂದಪ್ಪ ಒಪ್ಪಬೇಕಲ್ಲ! "ನನ್ನ ಮನೀ ಲಕ್ಷ್ಮಿ ಅದು. ಅದ ಹೊಡೀಬೇಕು ತೂತು," ಎಂದು ಕೂತುಬಿಟ್ಟಿದ್ದ.

ಸೋಮವಾರ ಅವಳು ಬಾದಾಮಿಯಲ್ಲಿರಬೇಕಿತ್ತು. ಅಲ್ಲಿಯ ಒಂದು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಕೆಲಸ ಸಿಕ್ಕಿತ್ತು. ಅಂದು ಹಾಜರಾಗದಿದ್ದರೆ ಇನ್ನೊಬ್ಬರ ಪಾಲು. ವಾರವೆಲ್ಲ ಚೊಳಚಗುಡ್ಡದಲ್ಲಿ ಅಕ್ಕ ದಾನೇಶ್ವರಿಯ ಮನೆಯಲ್ಲಿದ್ದು ಶನಿವಾರ ಊರಿಗೆ ಬರುವುದೆಂದು ಮನಸ್ಸಿನಲ್ಲೇ ಎಲ್ಲ ಹೊಂದಿಸಿದ್ದಳು. ಗಂಡ ವಿಜಯಮಹಾಂತೇಶ, "ಅಪ್ಪ ಹೂಂ ಅಂದ್ರ ನಂದೇನೈತಿ?" ಎಂದು ಕೈತೊಳೆದುಕೊಂಡು ಸೀರೆ ಗಂಟಿನೊಂದಿಗೆ ಬಾಗಲಕೋಟೆಗೆ ಹೋಗಿಬಿಟ್ಟ. ಅಪ್ಪ ಹೂಂ ಅಂದಿದ್ದ, ಸುಳ್ಳಲ್ಲ. "ಮಷೀನ್ ಚಾಲೂ ಮಾಡು, ಆಮ್ಯಾಲ ಎಲ್ಲೀಗರ ಹೋಗು." ಹೋದ ವರ್ಷ ಬಾಗಲಕೋಟೆಯ ಕೆಲಸ ಸಿಕ್ಕಾಗಲೂ ಇದೇ ಮಾತು. ಇದು ಏಳುವ ಹೊತ್ತಿಗೆ ಆ ಕೆಲಸ ಮಲಗಿತ್ತು.

ಈ ಸಲ ಬಿಡಬಾರದೆಂದು ಹಲ್ಲು ಕಚ್ಚಿ, ಸೋರಿದ ಕೆಪ್ಯಾಸಿಟರುಗಳನ್ನು ಒಂದೊಂದಾಗಿ ಕಿತ್ತು, ಜಾಗ ತೊಳೆದು, ಹೊಸವನ್ನು ಕೂರಿಸಿದಳು. ಸ್ವಿಚ್ ಒತ್ತಿದಳು. ಒಳಗಿನ ಫ್ಯಾನ್ ಗುರ್ ಎಂದು ತಿರುಗಿತು. ಪರದೆ ಮಾತ್ರ ಕಪ್ಪಗೆ ಕೂತಿತ್ತು.

"ಹಾಳಾಗಿ ಹೋಗ!" ಎಂದಳು ಬಾಯಿ ಬಿಟ್ಟೇ.

ಮೀಟರ್ ಹಿಡಿದು ಒಂದೊಂದೇ ಗೆರೆ ಮುಟ್ಟುತ್ತ ಹೋದಳು. ಇಲ್ಲಿ ಕರೆಂಟ್ ಇದೆ, ಇಲ್ಲಿಯೂ ಇದೆ, ಹಿಂಬದಿಯ ಮೂಲೆ ದಾಟಿದರೆ ಇಲ್ಲ. ಆ ಮೂಲೆಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ತಾಮ್ರದ ಗೆರೆಯ ಮೇಲೆ ಹಸಿರು ಕಿಲುಬು. ಇಲ್ಲಿ ಕೆಪ್ಯಾಸಿಟರೇ ಇಲ್ಲವಲ್ಲ, ಮತ್ತೆ ಸೋರಿದ್ದು ಯಾವುದು? ಕೆರೆದು, ಬಿಸಿ ಮೊನೆ ತಾಗಿಸಿದಳು. ಚುರ್ ಎಂದು ಹೊಗೆ ಎದ್ದಿತು.

ಮೀನಿನ ವಾಸನೆ ಬರಲಿಲ್ಲ. ತಳ ಹತ್ತಿದ ಬೆಲ್ಲದ ಪಾಕದ ವಾಸನೆ ಬಂತು, ಅದರೊಳಗೆ ಕೊಬ್ಬರಿಯ ಘಮ.

ಮಹೇಶ್ವರಿಯ ಕೈ ನಿಂತುಹೋಯಿತು. ಪೆಟ್ಟಿಗೆಯ ಮುಚ್ಚಳ ನೋಡಿದಳು. ಮುಂದೆ ವಿಭೂತಿಯ ಮೂರು ಪಟ್ಟಿ, ಕುಂಕುಮ, ಒಣಗಿದ ಸೇವಂತಿಗೆಯ ಎಸಳು. ಪ್ರತಿ ಅಮಾವಾಸ್ಯೆಗೆ ಮಗ್ಗಗಳ ಜೊತೆ ಇದಕ್ಕೂ ಪೂಜೆ. ಕಾಯಿ ಒಡೆದು ನೀರು ಚಿಮುಕಿಸುವುದು ಅತ್ತೆ. "ಮೇಜಿನ ಮ್ಯಾಲ ಅಷ್ಟ ಹಾಕ್ರಿ, ಇದರ ಮ್ಯಾಲ ಒಂದ ಹನಿ ಬೀಳಬಾರದು," ಎಂದು ಮಹೇಶ್ವರಿ ಹೋದ ವರ್ಷವೇ ಹೇಳಿ, ಪೆಟ್ಟಿಗೆಯ ಹಿಂದಿನ ಗಾಳಿಕಿಂಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಳು. ಆ ಹಾಳೆ ಎತ್ತಿಟ್ಟು, ಸರಿಯಾಗಿ ಕಿಂಡಿಯೊಳಗೇ ಸುರಿದರಷ್ಟೇ ನೀರು ಆ ಮೂಲೆಗೆ ಹೋಗಬೇಕು. ಅದೂ ಒಂದು ಅಮಾವಾಸ್ಯೆಯದಲ್ಲ, ಕಿಲುಬು ಪದರ ಪದರವಾಗಿ ಕಟ್ಟಿತ್ತು.

"ಅತ್ತೀ, ಒಂದೀಟ ಇಲ್ಲಿ ಬರ್ರಿ."

ಸಾವಿತ್ರೆವ್ವ ಚಹಾ ಹಿಡಿದು ಬಂದಳು. ವಾಸನೆ ಮೂಗಿಗೆ ಬಡಿದದ್ದೇ ಲೋಟ ಕೆಳಗಿಟ್ಟಳು.

"ಕಾಯಿನೀರ ಒಳಗ ಹಾಕೀರಿ?"

"ಹಾಕೀನಿ."

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದಕ್ಕೆ ಮಹೇಶ್ವರಿಗೆ ಮೈಯೆಲ್ಲ ಉರಿದು ಹೋಯಿತು. "ನಾ ಹೋಗಬಾರದು ಅಂತ ಹೌದಿಲ್ರಿ? ಬಾಯಿಬಿಟ್ಟು ಹೇಳಿದ್ರ ಆಗ್ತಿದ್ದಿಲ್ಲೇನ್ರಿ? ನಾ ಇಲ್ಲಿ ಉಸಿರಗಟ್ಟಿ ಸಾಯಾಕತ್ತೇನಿ!"

"ಥೂ ಹುಚ್ಚಿ! ಅಷ್ಟ ಕಲತಾಕಿ, ಇಷ್ಟ ತಿಳಿಯವಲ್ದೇನ ನಿನಗ?" ಸಾವಿತ್ರೆವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಮಾವಾರು ನಿನ್ನ ಮುಂದ ಹೋಗು ಅಂತಾರ. ನನ್ನ ಮುಂದ ಏನಂದ್ರು ಕೇಳು. ಮಷೀನದಾಗ ಜೀವ ಇರೋತನಾ ಆಕಿ ಹೊಸ್ತಲಾ ದಾಟಂಗಿಲ್ಲ, ಆಕಿ ಬಿಟ್ರ ಅದನ್ನ ಮುಟ್ಟಾವ್ರ ಯಾರು ಅಂದ್ರು. ಹಂಗಾರ ಅದು ಸಾಯಲಿ ಅಂತ ನೀರ ಹಾಕೀನಿ. ಸಾಯಬೇಕಲ್ಲ! ನಾ ಹಾಕೋದು, ನೀ ಎಬ್ಬಿಸಿ ಕುಂದ್ರಸೋದು. ನಾ ಹಾಕೋದು, ನೀ ಎಬ್ಬಿಸೋದು."

ಮಹೇಶ್ವರಿ ಕೆರೆದ ಹಸಿರು ಕಿಲುಬನ್ನು ಬೆರಳಿನಿಂದ ಸವರಿದಳು.

"ಮಹಾಕೂಟಕ್ಕ ಹೋಗಿ ಬರ್ತೇನಿ ಅಂದ್ರ ಸೈತ ನೂಲಿನ ಕಂಡಿಕಿ ಯಾರು ಸುತ್ತತಾರ ಅಂತಿದ್ರು ನನಗ," ಎಂದಳು ಸಾವಿತ್ರೆವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನನ್ನ ಜನ್ಮ ಅಂತೂ ಈ ಸಪ್ಪಳದಾಗ ಹೋತು. ನೀನರ ಹೋಗ ನನ್ನವ್ವ."

ಹೊರಗೆ ಅಂದಪ್ಪ ಕೆಮ್ಮಿದ. "ಮಹೇಶ್ವರೀ, ಎದ್ದಿತೇನವಾ?"

ತುಂಡಾದ ಗೆರೆಯ ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟು ತಂತಿ ಬೆಸೆದರೆ ಸಾಕಿತ್ತು, ಕಣ್ಣು ಮುಚ್ಚಿ ಮಾಡುವ ಕೆಲಸ. ತಂತಿ ಅವಳ ಚಿಮಟದಲ್ಲೇ ಇತ್ತು. ಸತ್ತ ಮಷೀನು ಎಬ್ಬಿಸಿದಾಗಲೆಲ್ಲ ಅವಳು ಹೆಮ್ಮೆಯಿಂದ ಬೀಗಿದ್ದಳು. ಆ ಹೆಮ್ಮೆಯೇ ತನ್ನನ್ನು ಈ ಕೋಣೆಯಲ್ಲಿ ಕೂಡಿಹಾಕಿತ್ತೆಂದು ಈಗ ತಿಳಿಯಿತು. ಆದರೂ ಕೈ ಮತ್ತೆ ತಂತಿಯನ್ನು ಗೆರೆಯತ್ತ ಒಯ್ಯುತ್ತಿತ್ತು. ಸಾವಿತ್ರೆವ್ವ ಆ ಕೈಯನ್ನೇ ನೋಡುತ್ತಿದ್ದಳು.

ಮಹೇಶ್ವರಿ ತಂತಿಯನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಇಲ್ರಿ ಮಾವಾರ. ಇದು ಇನ್ನ ಏಳಂಗಿಲ್ಲ."

ಅಂದಪ್ಪ ಒಳಗೆ ಬಂದ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಹೆಗಲ ಮೇಲಿನ ಟವೆಲ್ಲಿನಿಂದ ಮುಚ್ಚಳದ ಧೂಳು ಒರೆಸಿದ. ಅದನ್ನು ನೋಡಲಾರದೆ ಅವಳು ಮುಖ ತಿರುಗಿಸಿದಳು.

"ಖರೇನ ಏಳಂಗಿಲ್ಲೇನು?"

"ಇಲ್ರಿ."

"ಹಂಗಾರ," ಎಂದ ಅವನು, ಅವಳತ್ತ ನೋಡದೆ, "ಇನ್ನ ನೀ ಇಲ್ಲಿ ಕುಂತು ಏನ್ ಮಾಡ್ತಿ?"

"ಬಾದಾಮಿಗೆ ಹೋಗ್ತೇನ್ರಿ."

ಅವನು ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಮಗ್ಗದ ಕಡೆ ನಡೆದ.

ಸೋಮವಾರ ಬೆಳಿಗ್ಗೆ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಾಗ, "ತಡಿ, ಹೊಂಟಾಕಿಗೆ ಕಾಯಿ ಒಡಿತೇನಿ," ಎಂದಳು ಸಾವಿತ್ರೆವ್ವ. ಕಲ್ಲಿಗೆ ಕಾಯಿ ಕುಟ್ಟಿ, ನೀರನ್ನು ಈ ಸಲ ಲೋಟಕ್ಕೆ ಹಿಡಿದು, ಸೊಸೆಗೆ ಕುಡಿಸಿದಳು.