ಲ್ಯಾಬಣ್ಣನ ತಪ್ಪುಗಳು

ಪ್ರಾಯೋಗಿಕ ತರಗತಿಗಳನ್ನೂ ಆನ್‌ಲೈನಿನಲ್ಲೇ ನಡೆಸತಕ್ಕದ್ದು ಎಂಬ ಸುತ್ತೋಲೆ ಬಂದ ದಿನ ರಸಾಯನಶಾಸ್ತ್ರದ ಪ್ರೊಫೆಸರ್ ಮೇಡಂ ಅದನ್ನು ಎರಡು ಸಲ ಓದಿದರು. ಹೇಗೆ ನಡೆಸಬೇಕು ಎಂಬುದು ಮೊದಲ ಸಲ ಓದಿದಾಗಲೂ ಇರಲಿಲ್ಲ, ಎರಡನೆಯ ಸಲವೂ ಇರಲಿಲ್ಲ. ವಿಶ್ವವಿದ್ಯಾಲಯದ ಹೆಡ್ ಕ್ಲರ್ಕಿಗೆ ಫೋನ್ ಮಾಡಿದರು.

"ಮೇಡಂ, ಸುತ್ತೋಲೆ ಕಳಿಸೋದು ನನ್ನ ಕೆಲಸ," ಎಂದರು ಹೆಡ್ ಕ್ಲರ್ಕ್. "ಅದರಲ್ಲಿ ಏನಿದೆ ಅಂತ ನನ್ನನ್ನ ಕೇಳಿದ್ರೆ ಹೇಗೆ?"

ಥಿಯರಿ ಪಾಠಗಳು ಎರಡು ತಿಂಗಳಿಂದ ಹೇಗೋ ನಡೆದಿದ್ದವು. ಮೇಡಂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಐವತ್ತೆರಡು ಕಪ್ಪು ಚೌಕಗಳಿಗೆ ಪಾಠ ಹೇಳುತ್ತಿದ್ದರು. "ಕೇಳಿಸ್ತಿದೆಯಾ?" ಎಂದರೆ ಒಂದು ಚೌಕ "ಹೂಂ ಮೇಡಂ" ಎನ್ನುತ್ತಿತ್ತು. ಅದು ಯಾವಾಗಲೂ ಒಂದೇ ಚೌಕ, ತರಗತಿಯ ಪ್ರತಿನಿಧಿಯಾಗಿದ್ದ ಹುಡುಗಿಯದು. ಉಳಿದ ಐವತ್ತೊಂದರ ಹಿಂದೆಯೂ ಮನುಷ್ಯರಿದ್ದಾರೆ ಎಂಬುದನ್ನು ಮೇಡಂ ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದರು. ಆದರೆ ಟೈಟ್ರೇಷನ್ನನ್ನು ನಂಬಿಕೆಯ ಮೇಲೆ ಕಲಿಸಲು ಬರುವುದಿಲ್ಲ. ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಆಮ್ಲಕ್ಕೆ ಬಿಡಬೇಕು, ಬಣ್ಣ ತಿರುಗಿದ ಕ್ಷಣವೇ ನಿಲ್ಲಿಸಬೇಕು. ಅದು ಕೈ ಕಲಿಯಬೇಕಾದ ವಿದ್ಯೆ.

ಮೇಡಂ ಮನೆ ಇದ್ದದ್ದು ನಗರದ ಈ ತುದಿಯಲ್ಲಿ, ಪ್ರಯೋಗಾಲಯ ಆ ತುದಿಯಲ್ಲಿ, ನಡುವೆ ಮೂರು ಕಡೆ ರಸ್ತೆಗೆ ಅಡ್ಡ ಕಟ್ಟಿದ್ದರು. ಒಳಗೆ ಹೋಗಲು ಅನುಮತಿ ಇದ್ದದ್ದು ಕ್ಯಾಂಪಸ್ಸಿನ ಹಿಂದಿನ ಕ್ವಾರ್ಟರ್ಸಿನಲ್ಲಿದ್ದ ಲ್ಯಾಬ್ ಅಟೆಂಡರಿಗೆ ಮಾತ್ರ. ದಿನಕ್ಕೊಮ್ಮೆ ಗ್ಯಾಸಿನ ಕೊಳಾಯಿ, ಬಾಟಲಿಗಳ ಬಿರಡೆ ನೋಡಿಕೊಂಡು ಬರುತ್ತಿದ್ದರು. ವಿದ್ಯಾರ್ಥಿಗಳು ಅವರನ್ನು ಲ್ಯಾಬಣ್ಣ ಎನ್ನುತ್ತಿದ್ದರು. ಅವರ ಮಗಳೂ ಒಮ್ಮೊಮ್ಮೆ ಬಾಯಿ ತಪ್ಪಿ ಹಾಗೇ ಕರೆಯುತ್ತಿದ್ದಳು.

ಮೇಡಂ ಅವರಿಗೆ ಫೋನ್ ಮಾಡಿ ಏರ್ಪಾಡು ಹೇಳಿದರು. ಅಲ್ಲಿ ಕೈ ಅವರದು, ಇಲ್ಲಿ ಮಾತು ತಮ್ಮದು. ಕ್ಯಾಮೆರಾದಲ್ಲಿ ಕೈ ಮತ್ತು ಗಾಜಿನ ಸಾಮಾನು ಕಂಡರೆ ಸಾಕು.

"ನೀವು ಏನೂ ಮಾತಾಡೋದು ಬೇಡ, ಆಯ್ತಾ?"

"ನಾನೇನ್ ಮಾತಾಡ್ಲಿ ಮೇಡಂ," ಎಂದರು ಲ್ಯಾಬಣ್ಣ. "ಮೂವತ್ತು ವರ್ಷದಿಂದ ಮಾತಾಡಿಲ್ಲ."

ಬ್ಯೂರೆಟ್ ಹಿಡಿಯುವ ಸ್ಟ್ಯಾಂಡಿಗೇ ಮಗಳ ಮೊಬೈಲನ್ನು ಬಿಗಿದು ಅವರು ಸಿದ್ಧರಾದರು. ಮೊದಲ ತರಗತಿಯಲ್ಲಿ ಮೇಡಂ ದನಿಗೂ ಲ್ಯಾಬಣ್ಣನ ಕೈಗೂ ನಾಲ್ಕು ಸೆಕೆಂಡಿನ ಅಂತರವಿತ್ತು. ಮೇಡಂ "ನೋಡಿ, ಈಗ ತಿಳಿಗುಲಾಬಿ" ಎಂದಾಗ ದ್ರಾವಣ ನೀರಿನಂತಿತ್ತು. "ಇನ್ನೂ ಬಣ್ಣ ಬಂದಿಲ್ಲ, ಗಮನಿಸಿ" ಎಂದಾಗ ಶರಬತ್ತಿನಂತಿತ್ತು. ಎರಡನೆಯ ತರಗತಿಯಿಂದ ಲ್ಯಾಬಣ್ಣ ಮನಸ್ಸಿನಲ್ಲೇ ನಾಲ್ಕು ಎಣಿಸಿ ಕೈ ಆಡಿಸತೊಡಗಿದರು. ಯಾರೂ ಹೇಳಿರಲಿಲ್ಲ.

ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಮೇಡಂ ಅತ್ತೆ ಕೂತಿರುತ್ತಿದ್ದರು. ಟಿವಿಯಲ್ಲಿ ಸತ್ತವರ ಲೆಕ್ಕ ಬಿಟ್ಟು ಬೇರೇನೂ ಬರುತ್ತಿಲ್ಲವೆಂದು ಅವರು ಟಿವಿ ಬಿಟ್ಟು ಸೊಸೆಯ ತರಗತಿ ನೋಡತೊಡಗಿದ್ದರು.

"ಆ ಕೈ ಯಾರದೇ?" ಎಂದು ಒಂದು ದಿನ ಕೇಳಿದರು.

"ನಮ್ಮ ಅಟೆಂಡರದು ಅತ್ತೆ."

"ಗಡಿಬಿಡಿ ಇಲ್ಲದ ಕೈ. ನಿನ್ನ ಗಂಡನದೂ ಇದೆ, ಲೋಟ ಎತ್ತಿದ್ರೆ ಅರ್ಧ ನೆಲಕ್ಕೆ."

ಐದನೆಯ ತರಗತಿಯ ದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ, ಸರಿಯಾಗಿ ತರಗತಿ ಶುರುವಾಗುವ ಹೊತ್ತಿಗೆ, ಮೇಡಂ ಬಡಾವಣೆಯಲ್ಲಿ ಕರೆಂಟ್ ಹೋಯಿತು. ಅದರ ಜೊತೆ ವೈಫೈ ಹೋಯಿತು. ಮೇಡಂ ಮೊಬೈಲು ಚಾರ್ಜ್ ಇಲ್ಲದೆ ಆಗಲೇ ಸತ್ತಿತ್ತು. ಅತ್ತೆಯ ಮೊಬೈಲಿನಿಂದ ಒಳಗೆ ಹೋಗಲು ಹತ್ತು ನಿಮಿಷ ಹಿಡಿಯಿತು. ಅದರ ಮೈಕು ಹೋದ ವರ್ಷವೇ ಕೆಟ್ಟಿತ್ತು. ಅತ್ತೆಗೆ ಬರುವ ಕರೆಗಳಲ್ಲಿ ಎಲ್ಲರೂ ಅವರಿಗೆ ಹೇಳುವವರೇ ಆಗಿದ್ದರಿಂದ ಯಾರೂ ರಿಪೇರಿ ಮಾಡಿಸಿರಲಿಲ್ಲ. ಹೀಗೆ ಮೇಡಂ ತಮ್ಮದೇ ತರಗತಿಗೆ ಬಾಯಿಲ್ಲದ ಐವತ್ತಮೂರನೆಯ ಚೌಕವಾಗಿ ಬಂದು ಸೇರಿದರು. ಮೆಸೇಜಿನಲ್ಲಿ "ನಾನು ಇದ್ದೇನೆ" ಎಂದು ಟೈಪ್ ಮಾಡಹೊರಟವರು ಕೇಳಿಬಂದ ಮಾತಿಗೆ ನಿಲ್ಲಿಸಿದರು.

"ಲ್ಯಾಬಣ್ಣ, ಮೇಡಂ ಇನ್ನೂ ಬಂದಿಲ್ಲ. ನಾವು ಹೋಗಬಹುದಾ?" ಪ್ರತಿನಿಧಿ ಹುಡುಗಿ ಕೇಳುತ್ತಿದ್ದಳು.

"ಬರ್ತಾರೆ ಇರಿ." ಹತ್ತು ನಿಮಿಷದಿಂದ ಅವರ ಕೈ ಬ್ಯೂರೆಟ್ಟಿನ ತಿರುಪಿನ ಮೇಲೇ ಇದ್ದಂತಿತ್ತು.

ಆಗ ಇದುವರೆಗೆ ತುಟಿ ಬಿಚ್ಚದ ಒಂದು ಚೌಕ ಮಾತಾಡಿತು. ಗಂಡುದನಿ, ಹಿಂದೆ ಕುಕ್ಕರ್ ಕೂಗುತ್ತಿತ್ತು. "ಅಣ್ಣ, ನಿಮಗೆ ಎಲ್ಲಿ ನಿಲ್ಲಿಸಬೇಕು ಅಂತ ಹೆಂಗೆ ಗೊತ್ತಾಗುತ್ತೆ? ಮೇಡಂ ಹೇಳ್ತಾರೆ, ನಮಗೆ ಬಣ್ಣ ಬಂದ ಮೇಲೇನೇ ಕಾಣೋದು."

ಲ್ಯಾಬಣ್ಣ ಗಂಟಲು ಸರಿಮಾಡಿಕೊಂಡರು.

"ಸರಿಯಾಗಿ ಮಾಡಿ ತೋರಿಸಿದ್ರೆ ಅದು ಗೊತ್ತಾಗಲ್ಲಪ್ಪ. ತಪ್ಪು ಮಾಡಿ ತೋರಿಸ್ತೀನಿ, ನೋಡಿ."

ಅವರು ತಿರುಪನ್ನು ಧಾರಾಳವಾಗಿ ಬಿಟ್ಟರು. ಫ್ಲಾಸ್ಕು ಒಂದೇ ಏಟಿಗೆ ಕಡುಗುಲಾಬಿಯಾಯಿತು. "ಇದು ಹೋಯ್ತು. ಚೆಲ್ಲಬೇಕು. ಈಗ ಇನ್ನೊಂದು." ಎರಡನೆಯದರಲ್ಲಿ ಹನಿ ಬಿದ್ದ ಕಡೆ ಬಣ್ಣ ಬಂದು, ಅಲ್ಲಾಡಿಸಿದರೆ ಮಾಯವಾಗುವುದನ್ನು ತೋರಿಸಿದರು. "ಮೊದಲು ಬೇಗ ಬೇಗ ಹೋಗುತ್ತೆ. ಆಮೇಲೆ ಹೋಗೋಕೆ ಸೋಮಾರಿತನ ಮಾಡುತ್ತೆ. ಸೋಮಾರಿತನ ಶುರುವಾಯ್ತು ಅಂದ್ರೆ ನೀವು ಹುಷಾರಾಗಬೇಕು. ಅಲ್ಲಿಂದ ಒಂದೊಂದೇ ಹನಿ."

ಚೌಕಗಳು ಒಂದೊಂದಾಗಿ ಬೆಳಗಿದವು. ಮುಖಗಳು ಬಂದವು. ಮೇಡಂ ಅವುಗಳಲ್ಲಿ ಅರ್ಧದಷ್ಟನ್ನು ಮೊದಲ ಸಲ ನೋಡಿದ್ದು.

ಲ್ಯಾಬಣ್ಣನಿಗೆ ಮಾತು ಬಂದುಬಿಟ್ಟಿತ್ತು. ಮೂವತ್ತು ವರ್ಷಗಳಲ್ಲಿ ಎದುರಿಗೆ ನಡೆದ ಒಂದೊಂದು ತಪ್ಪನ್ನೂ ಅವರು ಎತ್ತಿಟ್ಟುಕೊಂಡಿದ್ದಂತೆ ಕಂಡಿತು. ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಬಿಟ್ಟುಕೊಂಡು ಅಳತೆ ಬರೆದವನು ಈಗ ದೊಡ್ಡ ಔಷಧ ಕಾರ್ಖಾನೆಯ ಮ್ಯಾನೇಜರು. ಪಿಪೆಟ್ ಎಂಬ ಅಳತೆಯ ಕೊಳವೆಯಿಂದ ಕೊನೆಯ ಹನಿಯನ್ನು ಊದಿ ಬೀಳಿಸುತ್ತಿದ್ದವಳು ಈಗ ಇನ್ನೊಂದು ಕಾಲೇಜಿನ ಪ್ರಿನ್ಸಿಪಾಲು. ಯಾರನ್ನೂ ಹೆಸರಿಟ್ಟು ಹೇಳಲಿಲ್ಲ, ಹಂಗಿಸಲೂ ಇಲ್ಲ. ಊರಿನ ದಾರಿ ಹೇಳುವವರಂತೆ ಹೇಳಿದರು.

"ಇದು ನೋಡಿ. ದ್ರಾವಣ ತುಂಬಿದ ಮೇಲೆ ಬ್ಯೂರೆಟ್ಟಿನ ಬಾಯಿಂದ ಆಲಿಕೆ ತೆಗೀದೆ ಹಾಗೇ ಬಿಡೋದು. ಅದರಿಂದ ಮೆಲ್ಲಗೆ ಹನಿ ಇಳೀತಾ ಇರುತ್ತೆ, ಲೆಕ್ಕ ಕಮ್ಮಿ ತೋರಿಸುತ್ತೆ. ನಿಮ್ಮ ಮೇಡಂ ಇಲ್ಲಿ ಓದುವಾಗ ಎರಡು ವರ್ಷ ಪೂರ್ತಿ ಇದನ್ನೇ ಮಾಡಿದ್ರು."

ಅತ್ತೆ ಸೊಸೆಯ ಕಡೆ ತಿರುಗಿದರು. "ಹೌದೇನೇ?"

ಮೇಡಂ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಖಕ್ಕೆ ಬಿಸಿ ಏರಿತ್ತು. ಆ ಪ್ರಯೋಗಾಲಯದಲ್ಲಿ ತಮ್ಮಷ್ಟು ನಿಖರವಾಗಿ ಅಳತೆ ತೆಗೆಯುವವರು ಇನ್ನೊಬ್ಬರಿರಲಿಲ್ಲವೆಂದು ಅವರ ಚಿನ್ನದ ಪದಕವೇ ಹೇಳುತ್ತಿತ್ತು.

"ಮತ್ತೆ ಮೇಡಂಗೆ ಉತ್ತರ ತಪ್ಪು ಬರ್ತಿರಲಿಲ್ವಾ ಅಣ್ಣ?" ಯಾರೋ ಕೇಳಿದರು.

"ಅವರು ಬರೆಯೋಕೆ ಬಗ್ಗಿದಾಗ ನಾನು ತೆಗೆದಿಡ್ತಿದ್ದೆ. ಬುದ್ಧಿವಂತ ಹುಡುಗಿ, ಲೆಕ್ಕದಲ್ಲಿ ಮುಳುಗಿರ್ತಿದ್ರು. ಹೇಳೋಕೆ ಹೋಗಲಿಲ್ಲ. ಹೇಳಬೇಕಿತ್ತು ಅನ್ಸುತ್ತೆ ಈಗ."

ಮೇಡಂಗೆ ಇಪ್ಪತ್ತೇಳು ವರ್ಷಗಳಿಂದ ಒಮ್ಮೆಯೂ ನೆನಪಾಗದಿದ್ದ ಒಂದು ಸಂಗತಿ ನೆನಪಾಯಿತು: ತಾವು ತಲೆ ಎತ್ತಿದಾಗಲೆಲ್ಲ ಪಕ್ಕದ ಮೇಜಿನ ಮೇಲೆ ಒಂದು ಆಲಿಕೆ ಬೋರಲಾಗಿ ಕೂತಿರುತ್ತಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ತಾವು ಕೇಳಿರಲಿಲ್ಲ. ಪದಕದ ದಿನ ತಾವು ಧನ್ಯವಾದ ಹೇಳಿದವರ ಪಟ್ಟಿ ಮಾತ್ರ ಉದ್ದವಿತ್ತು.

ತರಗತಿ ಮುಗಿದದ್ದು ಹೊತ್ತು ಮೀರಿ ಇಪ್ಪತ್ತು ನಿಮಿಷ ಕಳೆದ ಮೇಲೆ. ಯಾರೂ ಹೊರಗೆ ಹೋಗಿರಲಿಲ್ಲ. ಕರೆಂಟ್ ಬಂದ ಮೇಲೆ ಮೇಡಂ ಲ್ಯಾಬಣ್ಣನಿಗೆ ಫೋನ್ ಮಾಡಿದರು.

"ಕರೆಂಟ್ ಹೋಗಿತ್ತು."

"ಗೊತ್ತಾಯ್ತು ಮೇಡಂ. ನಾನು ಸ್ವಲ್ಪ ಮಾತಾಡಿಬಿಟ್ಟೆ. ಹುಡುಗರು ಕೇಳಿದ್ರು."

"ಕೇಳಿಸ್ತು. ನಾನಿದ್ದೆ."

"ಆಲಿಕೆ ವಿಷಯಾನೂ?"

"ಅದೂ. ಮುಂದಿನ ವಾರ ಶುರುವಿನಿಂದಲೇ ನೀವೇ ಮಾತಾಡಿ. ಲೆಕ್ಕ ನಾನು ಹೇಳ್ತೀನಿ."

ಹಾಗೇ ನಡೆಯಿತು. ತಿಂಗಳ ಕೊನೆಗೆ ವಿಶ್ವವಿದ್ಯಾಲಯದಿಂದ ಮೇಡಂಗೆ ಪತ್ರ ಬಂತು. ತರಗತಿಗಳ ರೆಕಾರ್ಡಿಂಗ್ ಪರಿಶೀಲಿಸಲಾಗಿ, ಬೋಧಕೇತರ ಸಿಬ್ಬಂದಿಯೊಬ್ಬರು ಬೋಧಿಸಿರುವುದು ಕಂಡುಬಂದಿದೆ. ಯಾವ ನಿಯಮದಡಿ ಎಂಬುದನ್ನು ಏಳು ದಿನಗಳಲ್ಲಿ ತಿಳಿಸುವುದು. ಮೇಡಂ ಅದುವರೆಗೆ ಅರವತ್ತು ರೆಕಾರ್ಡಿಂಗ್ ಕಳಿಸಿದ್ದರು. ಅವುಗಳಲ್ಲಿ ಒಂದನ್ನು ಯಾರೋ ನೋಡಿದ್ದಾರೆಂಬುದೇ ಅವರಿಗೆ ಹೆಚ್ಚು ಆಶ್ಚರ್ಯ.

ಅವರು ಹೀಗೆ ಉತ್ತರ ಬರೆದರು: ಸದರಿ ಸಿಬ್ಬಂದಿ ಬೋಧಿಸಿಲ್ಲ. ಪ್ರಯೋಗಗಳನ್ನು ಹದಿನಾಲ್ಕು ವಿಧಗಳಲ್ಲಿ ತಪ್ಪಾಗಿ ಮಾಡಿದ್ದಾರೆ. ತಪ್ಪು ಮಾಡಲು ಬೋಧಕ ಹುದ್ದೆಯ ಅರ್ಹತೆ ಬೇಕೆಂಬ ನಿಯಮ ನನ್ನ ಗಮನಕ್ಕೆ ಬಂದಿಲ್ಲ. ಅವುಗಳಲ್ಲಿ ಒಂದು ತಪ್ಪು ನನ್ನದೇ ಆಗಿದ್ದು, ಅದನ್ನು ಅವರು ಎರಡು ವರ್ಷ ನನಗೆ ತಿಳಿಯದಂತೆ ತಿದ್ದಿರುತ್ತಾರೆ ಎಂಬುದನ್ನೂ ದಾಖಲಿಸಲು ಕೋರುತ್ತೇನೆ.

ಮೇಡಂ ಕೊನೆಯ ಸಾಲನ್ನು ಮೂರು ಸಲ ಅಳಿಸಿ ಮೂರು ಸಲ ಬರೆದಿದ್ದರು. ಕಳಿಸುವ ಮೊದಲು ಅತ್ತೆಗೆ ಓದಿ ಹೇಳಿದರು.

"ಪದಕ ವಾಪಸ್ ಕೇಳಿದ್ರೆ?" ಎಂದರು ಅತ್ತೆ.

"ಕೊಡ್ತೀನಿ."

"ಕೊಟ್ಟುಬಿಡು. ಒರೆಸೋ ಕೆಲಸ ತಪ್ಪುತ್ತೆ."

ಯಾರೂ ಪದಕ ಕೇಳಲಿಲ್ಲ. ಪತ್ರ ಒಂದು ಸಮಿತಿಗೆ ಹೋಯಿತು. ಸಮಿತಿಯ ಸದಸ್ಯರಿಬ್ಬರಿಗೆ ಕಾಯಿಲೆ ಬಂದು ವಾಸಿಯಾಯಿತು, ಅಧ್ಯಕ್ಷರಿಗೆ ವರ್ಗವಾಯಿತು, ಕಡತ ಎಲ್ಲಿದೆಯೆಂದು ಹೆಡ್ ಕ್ಲರ್ಕಿಗೂ ಗೊತ್ತಿರಲಿಲ್ಲ.

ಚಳಿಗಾಲ ಕಳೆದು ಕ್ಯಾಂಪಸ್ ತೆರೆಯಿತು. ಐವತ್ತೆರಡು ಜನ ಮಾಸ್ಕ್ ಹಾಕಿಕೊಂಡು ಮೊದಲ ಸಲ ಬ್ಯೂರೆಟ್ ಮುಟ್ಟಿದ್ದು ಪರೀಕ್ಷೆಗೆ ವಾರವಿರುವಾಗ. ಪರೀಕ್ಷೆಯಲ್ಲಿ ನಲವತ್ತೇಳು ಜನ ಪಾಸಾದರು. ಕುಕ್ಕರಿನ ಹುಡುಗ ಎರಡು ಬ್ಯೂರೆಟ್ ಒಡೆದನು, ಆದರೆ ಅವನ ಉತ್ತರ ಸರಿಯಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಷ್ಟು ಚೆನ್ನಾಗಿ ಆನ್‌ಲೈನಿನಲ್ಲಿ ಕಲಿಸಿದವರಾರು ಎಂದಾಗ ಮೇಡಂ ಲ್ಯಾಬಣ್ಣನನ್ನು ತೋರಿಸಿದರು, ಲ್ಯಾಬಣ್ಣ ಮೇಡಂ ಅವರನ್ನು ತೋರಿಸಿದರು. ಪರೀಕ್ಷಕರು ಇಬ್ಬರನ್ನೂ ನೋಡಿ ಚಹಾ ಎಲ್ಲಿ ಸಿಗುತ್ತದೆಂದು ಕೇಳಿದರು.

ಲ್ಯಾಬಣ್ಣ ಮುಂದಿನ ವರ್ಷ ನಿವೃತ್ತರಾದರು. ಹೊಸ ಬ್ಯಾಚಿನ ಮೊದಲ ಪ್ರಾಯೋಗಿಕ ತರಗತಿಗೆ ಮೇಡಂ ಅವರನ್ನು ಕರೆಸಿದರು. ಗೇಟಿನ ಪುಸ್ತಕದಲ್ಲಿ ಭೇಟಿಯ ಉದ್ದೇಶ ಬರೆಯಿರಿ ಎಂದ ಕಾವಲುಗಾರ. ಲ್ಯಾಬಣ್ಣ ಯೋಚಿಸಿ "ತಪ್ಪು ಮಾಡಲು" ಎಂದು ಬರೆದರು. ಕಾವಲುಗಾರ ಅದನ್ನು ಓದಿ, ಪಕ್ಕದಲ್ಲಿ ಸಮಯ ಹಾಕಿ, ಒಳಗೆ ಬಿಟ್ಟ. ಅಷ್ಟು ಹೊತ್ತಿಗೆ ಮೇಡಂ ಮೇಲಿನ ಮಹಡಿಯಲ್ಲಿ ಅರವತ್ತು ಜನರನ್ನು ಕೂರಿಸಿಕೊಂಡು, ತಾವು ಓದುವಾಗ ಎರಡು ವರ್ಷ ಮಾಡಿದ್ದೇನು ಎಂಬಲ್ಲಿಂದ ಶುರುಮಾಡಿಯಾಗಿತ್ತು.