ಅಮ್ಮನ ಮಾತಿಗೊಂದು ಖಾನೆ

ಕಳೆದ ಚುನಾವಣೆಯಲ್ಲಿ ಬಟ್ಟೆ ಒಗೆಯುವವರ ಓಣಿಯ ಇಸ್ತ್ರಿ ಅಕ್ಕನ ತಾಯಿ ಮತಗಟ್ಟೆಯವರೆಗೂ ಹೋಗಿ, ಮತ ಹಾಕದೆ ವಾಪಸಾಗಿದ್ದರು. ಅಧಿಕಾರಿ ಕೇಳಿದ್ದು ಅವರಿಗೆ ತಿಳಿಯಲಿಲ್ಲ. ಅವರು ಹೇಳಿದ್ದು ಅಧಿಕಾರಿಗೆ ತಿಳಿಯಲಿಲ್ಲ. ಹಿಂದಿನ ಸಾಲು ಗೊಣಗಿತು. ಅಂದಿನಿಂದ ಅವರದು ಒಂದೇ ಹಂಬಲ: "ಅಲ್ಲಿ ನಮ್ಮ ಮಾತು ಬಲ್ಲೋರು ಒಬ್ಬರಿದ್ದಿದ್ರೆ!"

ಆ ಓಣಿಯವರ ಹಿರಿಯರು ಬಟ್ಟೆ ಒಗೆಯುವ ಕೆಲಸಕ್ಕೆಂದು ಬೆಟ್ಟದಾಚೆಯಿಂದ ಬಂದವರು. ಮನೆಯೊಳಗೆ ತಮ್ಮ ಮಾತು, ಹೊರಗೆ ಊರಿನ ಮಾತು. ಒಗೆಯುವ ತೊಟ್ಟಿಯ ಬಳಿಯೇ ಆಯುಷ್ಯ ಕಳೆದ ಅಮ್ಮನಿಗೆ ಹೊರಗಿನ ಮಾತು ಹತ್ತಲೇ ಇಲ್ಲ.

ಒಂದು ಮಧ್ಯಾಹ್ನ ಅದೇ ಓಣಿಯ ನರ್ಸಮ್ಮ ಫಾರ್ಮು ಹಿಡಿದು ಬಂದಳು. ವಾರ್ಡಿನ ಅರ್ಹ ಮತದಾರರನ್ನು ಹೊಸದಾಗಿ ಎಣಿಸುತ್ತಿದ್ದರು; ಈ ಓಣಿಯ ಎಣಿಕೆ ಅವಳ ಪಾಲಿಗೆ ಬಂದಿತ್ತು. ಅದರಲ್ಲಿ ಜನಾಂಗ, ಮನೆಮಾತು ಎಂಬ ಖಾನೆಗಳೂ ಇದ್ದವು.

"ಎಲ್ಲರ ಹಾಗೇ ಬರ್ಕೋ. ಊರ ಜನ, ಊರ ಮಾತು," ಎಂದಳು ಅಕ್ಕ, ಅಂಗಿಯ ಕಾಲರಿನಿಂದ ಕಣ್ಣೆತ್ತದೆ.

"ಇಡೀ ಓಣೀನೇ ಹಾಗಂತಿದೆಯಲ್ಲಕ್ಕಾ! ನಮ್ಮ ಮಾತಲ್ಲಿ ಆಡೋ ಜಗಳ ನಾಲ್ಕು ಬೀದಿಗೆ ಕೇಳತ್ತೆ, ಕಾಗದದಲ್ಲಿ ಮಾತ್ರ ಸೊಲ್ಲೇ ಇಲ್ಲ."

"ಅಪ್ಪ ಹೇಳ್ತಿದ್ರು, ಹತ್ತರ ಜೊತೆ ಹನ್ನೊಂದಾಗಿರು ಅಂತ. ಬೇರೆಯೋರು ಅಂತ ಬರೆಸಿ, ನಾಳೆ ಓಟೇ ಕಿತ್ಕೊಂಡ್ರೆ?"

"ಓಟಿನ ಹಕ್ಕು ವಯಸ್ಸು, ಪೌರತ್ವ ನೋಡಿ ಬರೋದು. ಈ ಖಾನೆಯಿಂದ ಬರೋದೂ ಇಲ್ಲ, ಹೋಗೋದೂ ಇಲ್ಲ. ತುಂಬಲೇಬೇಕು ಅಂತಾನೂ ಇಲ್ಲ. ಆದ್ರೆ ಮನೆ ಮನೆಗೆ ಸೂಜಿ ಹಾಕೋಳು ನಾನು, ನನಗೆ ಗೊತ್ತು: ವಾರ್ಡಿನ ನೂರು ಮತದಾರರಲ್ಲಿ ಮೂವತ್ತು ಜನ ನಮ್ಮೋರೇ. ಕಾಗದದಲ್ಲಿ ಒಬ್ಬರೂ ಇಲ್ಲ. ಹೋದ ಸಲ ನಾನೂ ಸುಳ್ಳೇ ಬರೆಸಿದ್ದೆ. ಇಲ್ಲದೋರಿಗೆ ಮತಗಟ್ಟೇಲಿ ದುಭಾಷಿನ ಯಾರು ಕೂರಿಸ್ತಾರೆ ಹೇಳು?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ತೊಟ್ಟಿಯ ಬಳಿಯಿದ್ದ ಅಮ್ಮನಿಗೆ ತಮ್ಮ ಮಾತಿನಲ್ಲೇ ಎಲ್ಲವನ್ನೂ ವಿವರಿಸಿದಳು.

ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಇಷ್ಟು ವರ್ಷ ನಮ್ಮನ್ನ ಬರೆದೇ ಇರ್ಲಿಲ್ವಾ?"

ಅಕ್ಕ ಫಾರ್ಮಿನ ಆ ಖಾನೆಯನ್ನೇ ನೋಡಿದಳು. ಪ್ರತಿ ಸಲವೂ ‘ಊರ ಮಾತು’ ಎಂದು ಬರೆಸಿದವಳು ತಾನೇ.

"ಇದ್ದದ್ದನ್ನ ಇದ್ದ ಹಾಗೇ ಬರ್ಕೋ ನರ್ಸಮ್ಮ," ಎಂದಳು.

"ಹಾಗಾದ್ರೆ ಮುಂದಿನ ಸಲ ನಮ್ಮೋರು ಒಬ್ಬರು ಇರ್ತಾರಾ?" ಅಮ್ಮನ ಕಣ್ಣು ಫಾರ್ಮಿನ ಮೇಲೇ ಇತ್ತು.

"ಇರ್ತಾರೆ ಅಂತ ಮಾತು ಕೊಡಲಾರೆ ಅಜ್ಜಿ. ಆದ್ರೆ ಲೆಕ್ಕದಲ್ಲಿದ್ರೆ ಕೇಳೋಕೆ ಬಾಯಿ ಬರತ್ತೆ."

ಅಮ್ಮ ತಮ್ಮ ಭಾಷೆಯ ಹೆಸರನ್ನು ತಾವೇ ಹೇಳಿದರು. ಬರೆದದ್ದು ಸರಿಯಿದೆಯೇ ಎಂದು ಎರಡು ಸಲ ಓದಿಸಿ ಕೇಳಿದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬಾಗಿಲಿಗೂ ಇಂಥ ಫಾರ್ಮು ಬರಬಹುದು. ಗೊತ್ತಾಗದ್ದನ್ನು ಕೇಳಿ ತಿಳಿದುಕೊಳ್ಳಿ. ಇಷ್ಟವಿಲ್ಲದಿದ್ದರೆ ಆ ಖಾನೆ ಬಿಡಿ. ಅಂಜಿಕೊಂಡು ಸುಳ್ಳು ಮಾತ್ರ ಬರೆಸಬೇಡಿ. ಮನೆಯ ಹಿರಿಯರನ್ನು ಹತ್ತಿರ ಕೂರಿಸಿಕೊಳ್ಳಿ. ಅವರು ಯಾರೆಂದು ಅವರೇ ಹೇಳಲಿ.